ಸಾಕ್ಷಿಯ ಧರ್ಮ: ಯುದ್ಧವರದಿಗಾರ ಆಂಥನಿ ಮಸ್ಕರೇನ್ಹಸ್ ಮತ್ತು 1971ರ ಪ್ರಶ್ನೆ

ಉಂಡ ಮನೆಯ ಗುಟ್ಟನ್ನು ಬೀದಿಗೆ ಹಾಕಬಾರದು ಎಂಬುದು ಲೋಕದ ನಡೆ. ಕಂಡದ್ದನ್ನು ಕಂಡಂತೆ ಹೇಳಬೇಕು ಎಂಬುದು ಸಾಕ್ಷಿಯ ಧರ್ಮ. ನಿತ್ಯದ ಬದುಕಿನಲ್ಲಿ ಇವೆರಡಕ್ಕೂ ತಿಕ್ಕಾಟ ಬರುವುದು ಅಪರೂಪ. ಸೈನ್ಯವೇ ಪತ್ರಕರ್ತನನ್ನು ಕರೆದೊಯ್ದು, ಊಟ ವಸತಿ ಕೊಟ್ಟು, ತನ್ನ ಯುದ್ಧವನ್ನು ತಾನೇ ತೋರಿಸಿದಾಗ ಮಾತ್ರ ಇವು ಎದುರುಬದುರು ನಿಲ್ಲುತ್ತವೆ. ಆಗ ಯಾವುದು ಮೇಲು ಎಂಬ ಪ್ರಶ್ನೆಗೆ ದಕ್ಷಿಣ ಏಷ್ಯಾದ ಪತ್ರಿಕಾ ಚರಿತ್ರೆಯಲ್ಲಿ ಸಿಗುವ ಅತಿ ತೀಕ್ಷ್ಣವಾದ ಪ್ರಸಂಗ ಬೆಳಗಾವಿಯಲ್ಲಿ ಹುಟ್ಟಿ, ಕರಾಚಿಯಲ್ಲಿ ಬೆಳೆದು, ಲಂಡನ್ನಿನಲ್ಲಿ ನೆಲೆನಿಂತ ಆಂಥನಿ ಮಸ್ಕರೇನ್ಹಸ್ ಅವರದು. ಬಾಂಗ್ಲಾದೇಶ ಅವರನ್ನು ತನ್ನ ಹುಟ್ಟಿನ ಸಾಕ್ಷಿಯೆಂದು ನೆನೆಯುತ್ತದೆ. ಪಾಕಿಸ್ತಾನದ ಅಧಿಕಾರಸ್ಥರು ಅವರನ್ನು ಶತ್ರುವಿನ ಏಜೆಂಟ್ ಎಂದರು.

ನೆವಿಲ್ ಆಂಥನಿ ಮಸ್ಕರೇನ್ಹಸ್ 1928ರ ಜುಲೈ 10ರಂದು ಗೋವಾ ಮೂಲದ ಕ್ಯಾಥೊಲಿಕ್ ಕುಟುಂಬದಲ್ಲಿ ಹುಟ್ಟಿದರು. ಬೆಳಗಾವಿ ಆಗ ಮುಂಬಯಿ ಪ್ರಾಂತದ ಜಿಲ್ಲಾಕೇಂದ್ರ. 1936ರಲ್ಲಿ ಸಿಂಧ್ ಬೇರೆಯಾಗುವವರೆಗೆ ಕರಾಚಿಯೂ ಅದೇ ಪ್ರಾಂತದ ಬಂದರು. ಹಾಗಾಗಿ ಬೆಳಗಾವಿಯ ಗೋವನ್ ಕುಟುಂಬವೊಂದರ ಹುಡುಗ ಓದಲು ಕರಾಚಿಗೆ ಹೋದದ್ದು ಪರದೇಶಕ್ಕೆ ಹೋದಂತಲ್ಲ, ಒಂದೇ ಆಡಳಿತದ ಒಂದು ಊರಿನಿಂದ ಇನ್ನೊಂದಕ್ಕೆ ಹೋದಂತೆ. 1947ರಲ್ಲಿ ಗಡಿ ಬಿತ್ತು. ಕರಾಚಿಯಿಂದ ಹಡಗು ಹತ್ತಿ ಬಂದ ಸಿಂಧಿಗಳು ಕಲ್ಯಾಣದ ಹಳೆಯ ಸೇನಾ ಶಿಬಿರಗಳಲ್ಲಿ ನೆಲೆಗಂಡರು. ಮಸ್ಕರೇನ್ಹಸ್ ಹೋದದ್ದು ಎದುರು ದಿಕ್ಕಿಗೆ. ಮುಂಬಯಿಯಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯಲ್ಲಿ ವೃತ್ತಿ ಆರಂಭಿಸಿ, ವಿಭಜನೆಯ ನಂತರ ಕರಾಚಿಯಲ್ಲಿ ಉಳಿದು ಪಾಕಿಸ್ತಾನಿಯಾದರು. ಮುಂದೆ ಅವರ ಮೇಲೆ ಬಂದ ದೇಶದ್ರೋಹದ ಆರೋಪವನ್ನು ತೂಗುವಾಗ ಈ ಹಿನ್ನೆಲೆ ಮರೆಯಬಾರದು. ದೇಶವೇ ಜನರ ಕಾಲಡಿಯಲ್ಲಿ ಸರಿದ ಕಾಲ ಅದು. ಯಾರು ಯಾವ ದೇಶದವರೆಂಬುದನ್ನು ಹುಟ್ಟಿದ ಊರು ನಿಶ್ಚಯಿಸಲಿಲ್ಲ, 1947ರ ಆಗಸ್ಟಿನಲ್ಲಿ ಕೆಲಸ ಎಲ್ಲಿತ್ತು, ಮನೆ ಎಲ್ಲಿತ್ತು ಎಂಬ ಸಂಗತಿ ನಿಶ್ಚಯಿಸಿತು.

1971ರಲ್ಲಿ ಅವರು ಕರಾಚಿಯ ಇಂಗ್ಲಿಷ್ ದಿನಪತ್ರಿಕೆ ಮಾರ್ನಿಂಗ್ ನ್ಯೂಸ್‌ನ ಸಹಾಯಕ ಸಂಪಾದಕರು. ಪತ್ರಿಕೆ ಸರಕಾರದ ಹಿಡಿತದಲ್ಲಿದ್ದ ನ್ಯಾಷನಲ್ ಪ್ರೆಸ್ ಟ್ರಸ್ಟಿಗೆ ಸೇರಿದ್ದು. ಜೊತೆಗೆ ಲಂಡನ್ನಿನ ಸಂಡೇ ಟೈಮ್ಸ್‌ಗೂ ವರದಿ ಕಳಿಸುತ್ತಿದ್ದರು. ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೈನ್ಯ ಪೂರ್ವ ಪಾಕಿಸ್ತಾನದಲ್ಲಿ ‘ಆಪರೇಷನ್ ಸರ್ಚ್‌ಲೈಟ್’ ಆರಂಭಿಸಿತು. ಚುನಾವಣೆಯಲ್ಲಿ ಬಹುಮತ ಗೆದ್ದ ಅವಾಮಿ ಲೀಗಿಗೆ ಅಧಿಕಾರ ಕೊಡದೆ, ಅದರ ಚಳವಳಿಯನ್ನೇ ಬಲದಿಂದ ಅಡಗಿಸುವ ಕಾರ್ಯಾಚರಣೆ ಅದು. ಢಾಕಾದಲ್ಲಿದ್ದ ವಿದೇಶಿ ಪತ್ರಕರ್ತರನ್ನು ಹೊಟೇಲಿನಲ್ಲಿ ಕೂಡಿಹಾಕಿ ಮರುದಿನವೇ ಹೊರಗಟ್ಟಲಾಯಿತು. ತಪ್ಪಿಸಿಕೊಂಡು ಉಳಿದ ಸೈಮನ್ ಡ್ರಿಂಗ್ ಅವರ ವರದಿ ಮಾರ್ಚ್ 30ರಂದು ಲಂಡನ್ನಿನ ಡೈಲಿ ಟೆಲಿಗ್ರಾಫ್‌ನಲ್ಲಿ ಬಂತು. ಢಾಕಾದ ಅಮೆರಿಕನ್ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಏಪ್ರಿಲ್ 6ರಂದು ತಮ್ಮದೇ ಸರಕಾರದ ಮೌನವನ್ನು ಖಂಡಿಸುವ ತಂತಿ ಕಳಿಸಿದರು. ಜಗತ್ತಿಗೆ ಸುದ್ದಿ ಚೂರುಚೂರಾಗಿ ಸೋರುತ್ತಿತ್ತು. ಅದಕ್ಕೆ ಉತ್ತರವಾಗಿ ಸೈನ್ಯ ಏಪ್ರಿಲಿನಲ್ಲಿ ಎಂಟು ಮಂದಿ ಪಾಕಿಸ್ತಾನಿ ಪತ್ರಕರ್ತರನ್ನು ಆರಿಸಿ ಹತ್ತು ದಿನಗಳ ಪ್ರವಾಸಕ್ಕೆ ಕರೆದೊಯ್ಯಿತು. ಪರಿಸ್ಥಿತಿ ಸಹಜಕ್ಕೆ ಮರಳಿದೆ ಎಂದು ಅವರು ಬರೆಯಬೇಕಿತ್ತು. ಏಳು ಮಂದಿ ಹೇಳಿದ್ದನ್ನು ಬರೆದರು.

ಎಂಟನೆಯವರು ಮಸ್ಕರೇನ್ಹಸ್. ಕೊಮಿಲ್ಲಾದಲ್ಲಿ ಬೀಡುಬಿಟ್ಟಿದ್ದ ಒಂಬತ್ತನೆಯ ಡಿವಿಷನ್ನಿನ ಅಧಿಕಾರಿಗಳ ಜೊತೆ ಅವರು ಆರು ದಿನ ತಿರುಗಿದರು. ಅಲ್ಲಿ ಅಧಿಕಾರಿಗಳು ಏನನ್ನೂ ಮುಚ್ಚಿಡಲಿಲ್ಲ. ಅವರ ಕಣ್ಣಿಗೆ ಈತ ತಮ್ಮವನು. ಇಂಗ್ಲಿಷ್ ಬಲ್ಲ, ಕರಾಚಿಯ, ಸರಕಾರಿ ಪತ್ರಿಕೆಯವನು. ಹಿಂದೂಗಳನ್ನು ಹುಡುಕಿ ಕೊಲ್ಲುವುದು, ಊರುಗಳನ್ನು ಸುಡುವುದು, ಪ್ರಾಂತವನ್ನು ‘ಶುದ್ಧಿ’ ಮಾಡಿ ವಸಾಹತಿನಂತೆ ಮೂವತ್ತು ವರ್ಷ ಆಳುವುದು, ಇದೆಲ್ಲ ಅಧಿಕಾರಿಗಳ ಊಟದ ಮೇಜಿನ ಮಾತಾಗಿತ್ತು. ಆ ದಿನದ ಕೊಲೆಗಳ ಲೆಕ್ಕವನ್ನು ಅವರು ಊಟದ ನಡುವೆ ಆಡಿಕೊಳ್ಳುತ್ತಿದ್ದುದನ್ನು ಮಸ್ಕರೇನ್ಹಸ್ ಕೇಳಿದರು. ಗಸ್ತು ದಳದ ಕಣ್ಣೆದುರು ಓಡಿದ್ದೇ ತಪ್ಪಾಗಿ ಸಿಕ್ಕಿಬಿದ್ದ, ಸೈನಿಕರ ನಡುವೆ ನಡುಗುತ್ತ ನಿಂತ ಅಬ್ದುಲ್ ಬಾರಿ ಎಂಬ 24 ವರ್ಷದ ಯುವಕನನ್ನು ಹತ್ತಿರದಿಂದ ನೋಡಿದರು. ಅವರ ವರದಿ ಆರಂಭವಾಗುವುದು ಆ ಯುವಕನಿಂದಲೇ.

ಕರಾಚಿಗೆ ಮರಳಿದ ಅವರು ಹೆಂಡತಿ ಇವಾನ್ ಅವರಿಗೆ ಹೇಳಿದ್ದರ ಸಾರಾಂಶ ಇಷ್ಟು: ಇದನ್ನು ಬರೆಯಲಾಗದಿದ್ದರೆ ಇನ್ನು ಮುಂದೆ ಏನನ್ನೂ ಬರೆಯಲಾರೆ. ಪಾಕಿಸ್ತಾನದಲ್ಲಿ ಪ್ರತಿ ಸಾಲೂ ಸೇನಾ ಸೆನ್ಸಾರಿನ ಕೈದಾಟಿ ಬರಬೇಕಿತ್ತು. ಸೋದರಿಗೆ ಕಾಯಿಲೆ ಎಂಬ ನೆಪ ಹೇಳಿ ಲಂಡನ್ನಿಗೆ ಹಾರಿ, ಸಂಡೇ ಟೈಮ್ಸ್ ಸಂಪಾದಕ ಹೆರಾಲ್ಡ್ ಎವಾನ್ಸ್ ಅವರ ಎದುರು ಕುಳಿತು ಎಲ್ಲ ಹೇಳಿದರು. ಹೆಂಡತಿ ಮತ್ತು ಐವರು ಮಕ್ಕಳು ಇನ್ನೂ ಕರಾಚಿಯಲ್ಲಿದ್ದರು. ಅವರು ಹೊರಬರುವವರೆಗೆ ಒಂದು ಅಕ್ಷರವೂ ಅಚ್ಚಾಗಬಾರದೆಂದು ಒಪ್ಪಂದವಾಯಿತು. ‘ಆ್ಯನ್‌ಳ ಶಸ್ತ್ರಚಿಕಿತ್ಸೆ ಯಶಸ್ವಿ’ ಎಂಬ ಸಂಕೇತದ ತಂತಿ ಬಂದರೆ ಹೊರಡಬೇಕೆಂದು ಇವಾನ್‌ಗೆ ಮೊದಲೇ ಹೇಳಿತ್ತು. ಅದು ಬೆಳಗಿನ ಜಾವ ಮೂರಕ್ಕೆ ಬಂತು. ಅನುಮಾನ ಬರದಿರಲೆಂದು ಮಸ್ಕರೇನ್ಹಸ್ ಕರಾಚಿಗೆ ಮರಳಿ, ಕುಟುಂಬವನ್ನು ಮೊದಲು ಕಳಿಸಿಕೊಟ್ಟರು. ಪಾಕಿಸ್ತಾನಿಗಳಿಗೆ ಆಗ ವರ್ಷಕ್ಕೆ ಒಂದೇ ವಿದೇಶ ವಿಮಾನಯಾನಕ್ಕೆ ಅನುಮತಿ. ಅವರ ಪಾಲಿನದು ಮುಗಿದಿತ್ತು. ನೆಲದ ದಾರಿಯಲ್ಲಿ ಗಡಿ ದಾಟಿ ಅಫ್ಘಾನಿಸ್ತಾನಕ್ಕೆ ನುಸುಳಿ ಲಂಡನ್ ಸೇರಿದರು. 1971ರ ಜೂನ್ 13ರ ಭಾನುವಾರ, ‘ಜೆನೊಸೈಡ್’ ಎಂಬ ಒಂದೇ ಪದದ ತಲೆಬರಹದಡಿ ವರದಿ ಪ್ರಕಟವಾಯಿತು.

ದ್ರೋಹದ ಆರೋಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಯಾಕೆಂದರೆ ಅದರ ಹಿಂದೆ ದೊಡ್ಡ ನೀತಿಪರಂಪರೆಯೇ ಇದೆ. ಕನ್ನಡದ ಹಳೆಯ ಬದುಕಿನಲ್ಲಿ ಜೋಳವಾಳಿ, ವೇಳೆವಾಳಿಗಳು ಬರಿಯ ಮಾತಾಗಿರಲಿಲ್ಲ. ಒಡೆಯನ ಅನ್ನ ಉಂಡವನು ಒಡೆಯನಿಗಾಗಿ ಸಾಯುತ್ತಿದ್ದ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿಯ ಕಂಬ ಇಮ್ಮಡಿ ಬಲ್ಲಾಳನ ಜೊತೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ನಿಷ್ಠೆಯನ್ನು ಕಲ್ಲಿನಲ್ಲಿ ಹಿಡಿದಿಟ್ಟಿದೆ. ಪಂಪನ ಕಾವ್ಯದಲ್ಲಿ ಕರ್ಣ ದೊಡ್ಡವನಾಗುವುದು ಈ ಗುಣದಿಂದಲೇ. ತಾನು ಯಾರ ಮಗನೆಂದು ತಿಳಿದ ಮೇಲೂ, ದುರ್ಯೋಧನ ಸೋಲುವನೆಂದು ಗೊತ್ತಿದ್ದೂ ಅವನು ಪಕ್ಷ ಬಿಡುವುದಿಲ್ಲ. ರಾಮಾಯಣದ ಕುಂಭಕರ್ಣ ಅಣ್ಣನಿಗೆ ನೀನು ಮಾಡಿದ್ದು ತಪ್ಪೆಂದು ಹೇಳಿಯೂ ಅಣ್ಣನಿಗಾಗಿಯೇ ಹೋರಾಡಿ ಸಾಯುತ್ತಾನೆ. ಅದೇ ಮನೆಯ ವಿಭೀಷಣ ಹೊರನಡೆದು ರಾಮನ ಪಾಳೆಯ ಸೇರುತ್ತಾನೆ. ಶಾಸ್ತ್ರ ವಿಭೀಷಣನನ್ನು ಚಿರಂಜೀವಿಗಳ ಸಾಲಿನಲ್ಲಿ ಕೂರಿಸಿದೆ. ಆದರೂ ಮನೆಯ ಗುಟ್ಟು ಬಿಟ್ಟುಕೊಟ್ಟವನೆಂಬ ಅಪವಾದವನ್ನು ಜನರ ಬಾಯಿ ಅವನಿಗೆ ಇಂದಿಗೂ ಬಿಟ್ಟಿಲ್ಲ. ಪಾಕಿಸ್ತಾನದ ಅಧಿಕಾರಸ್ಥರು 1971ರಲ್ಲಿ ಆಡಿದ್ದೂ ಇದೇ ಭಾವದ ಮಾತು.

ಈ ಪರಂಪರೆಯ ಒಳಗೇ ನಿಂತು ಕೇಳಬೇಕಾದ ಪ್ರಶ್ನೆ ಒಂದಿದೆ: ಮಸ್ಕರೇನ್ಹಸ್ ಉಂಡದ್ದು ಯಾರ ಉಪ್ಪು? ಪಾಕಿಸ್ತಾನ ಹುಟ್ಟಿದಾಗಿನಿಂದ ಅದರ ವಿದೇಶಿ ವಿನಿಮಯದ ಬಹುಪಾಲನ್ನು ಬಹುಕಾಲ ಗಳಿಸಿಕೊಟ್ಟದ್ದು ಪೂರ್ವ ಬಂಗಾಳದ ಸೆಣಬು. ಜನಸಂಖ್ಯೆಯಲ್ಲೂ ಪೂರ್ವವೇ ಹೆಚ್ಚು. ಕರಾಚಿಯ ಕಾರ್ಖಾನೆಗಳು, ಇಸ್ಲಾಮಾಬಾದಿನ ಹೊಸ ರಾಜಧಾನಿ, ಸೈನ್ಯದ ಖರ್ಚು, ಇವೆಲ್ಲದರಲ್ಲೂ ಆ ಸೆಣಬಿನ ಹಣ ಸೇರಿತ್ತು. ಆರ್ಥಿಕ ಅನ್ಯಾಯದ ಈ ದೂರೇ ಅವಾಮಿ ಲೀಗಿನ ಆರು ಅಂಶಗಳ ಬೇಡಿಕೆಯ ಬೆನ್ನೆಲುಬು. ಸರಕಾರಿ ಟ್ರಸ್ಟಿನ ಸಂಬಳಕ್ಕೆ ಋಣವಿದೆ ಎಂದರೆ, ಆ ಋಣದ ಮೂಲ ಕೊಮಿಲ್ಲಾದಂಥ ಜಿಲ್ಲೆಗಳ ರೈತನವರೆಗೆ ಹೋಗುತ್ತದೆ. ಆ ಲೆಕ್ಕದಲ್ಲಿ ಉಂಡ ಮನೆಗೆ ಎರಡು ಬಗೆದವರು ಊರು ಸುಟ್ಟವರು, ವರದಿ ಬರೆದವರಲ್ಲ. ಸ್ವಾಮಿನಿಷ್ಠೆಯ ನೀತಿ ಒಡೆಯನನ್ನು ಒಬ್ಬ ವ್ಯಕ್ತಿಯಲ್ಲಿ ಕಾಣುತ್ತಿದ್ದ ಕಾಲದ್ದು. ಪ್ರಜೆಗಳೇ ಒಡೆಯರೆಂದು ಹೇಳಿಕೊಳ್ಳುವ ರಾಜ್ಯದಲ್ಲಿ ಸೈನ್ಯವನ್ನು ಒಡೆಯನ ಪೀಠದಲ್ಲಿ ಕೂರಿಸಿ ನಿಷ್ಠೆ ಕೇಳುವುದು ಆ ನೀತಿಯನ್ನೂ ಅಪಾರ್ಥ ಮಾಡಿದಂತೆ.

ಇನ್ನು ಆತಿಥ್ಯದ ಮಾತು. ಅತಿಥಿಯಾಗಿ ಹೋದವನು ನಂಬಿಕೆಯಲ್ಲಿ ಕೇಳಿದ್ದನ್ನು, ಅದೂ ಹೇಳಿದವರ ಹೆಸರು ಹಿಡಿದು ಬರೆದದ್ದು ಸರಿಯೇ? ಇದು ಇಂದಿಗೂ ಪತ್ರಕರ್ತರ ನಡುವೆ ಚರ್ಚೆಯ ವಿಷಯ. 2003ರ ಇರಾಕ್ ಯುದ್ಧದಲ್ಲಿ ಅಮೆರಿಕದ ಸೈನ್ಯ ನೂರಾರು ವರದಿಗಾರರನ್ನು ಪಡೆಗಳ ಜೊತೆ ಕಟ್ಟಿ ಕಳಿಸಿದಾಗ ಚರ್ಚೆ ಮತ್ತೆ ಬಿಸಿಯೇರಿತ್ತು. ಕ್ಯಾಥೊಲಿಕ್ ನೀತಿಶಾಸ್ತ್ರದಲ್ಲಿ ಇದಕ್ಕೆ ಹಳೆಯ ಉತ್ತರವಿದೆ. ಕೆಟ್ಟ ಕೆಲಸಕ್ಕೆ ಕೊಟ್ಟ ಮಾತು ಕಟ್ಟುವುದಿಲ್ಲ ಎಂದು ಥಾಮಸ್ ಅಕ್ವಿನಾಸ್ ವಾದಿಸುತ್ತಾನೆ. ನರ್ತಕಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಸ್ನಾನಿಕ ಯೋಹಾನನ ತಲೆ ಕಡಿಸಿದ ಹೆರೋದ ಅದಕ್ಕೆ ನಿದರ್ಶನ. ಸುಳ್ಳುಸಾಕ್ಷಿ ಹೇಳಬಾರದೆಂಬುದು ಹತ್ತು ಕಟ್ಟಳೆಗಳಲ್ಲಿ ಒಂದು, ಮತ್ತು ಪರಿಸ್ಥಿತಿ ಸಹಜವಾಗಿದೆ ಎಂದು ಬರೆಯುವುದು ನೇರವಾಗಿ ಸುಳ್ಳುಸಾಕ್ಷಿ. ಇಸ್ಲಾಮಿನ ಹೆಸರಿನಲ್ಲಿ ಈ ಯುದ್ಧ ನಡೆಸಿದವರಿಗೆ ಅವರ ಗ್ರಂಥವೂ ಬೇರೆ ಮಾತು ಹೇಳುವುದಿಲ್ಲ. ನ್ಯಾಯದ ಪರ ಸಾಕ್ಷಿ ನಿಲ್ಲಿ, ಅದು ನಿಮಗೆ, ನಿಮ್ಮ ತಂದೆತಾಯಿಗೆ, ಬಂಧುಗಳಿಗೆ ಪ್ರತಿಕೂಲವಾದರೂ ಸರಿ ಎಂಬುದು ಕುರ್‌ಆನಿನ ನಾಲ್ಕನೆಯ ಅಧ್ಯಾಯದ 135ನೆಯ ವಚನದ ಆಶಯ. ಮಹಾಭಾರತದಲ್ಲಿ ಸಂಜಯ ಧೃತರಾಷ್ಟ್ರನ ಅನ್ನ ಉಂಡವನೇ. ಯುದ್ಧದ ವರದಿ ಒಪ್ಪಿಸುವಾಗ ಅವನು ರಾಜನ ಮಕ್ಕಳ ಸಾವನ್ನೂ ತಪ್ಪನ್ನೂ ಮರೆಮಾಚುವುದಿಲ್ಲ, ಇದು ನಿನ್ನದೇ ಫಲವೆಂದು ರಾಜನ ಮುಖಕ್ಕೇ ಹೇಳುತ್ತಾನೆ. ದ್ಯೂತಸಭೆಯಲ್ಲಿ ಬಾಯಿ ತೆರೆದ ಕೌರವ ವಿಕರ್ಣ ಮಾತ್ರ. ಭೀಷ್ಮ ದ್ರೋಣರ ಮೌನ ಅವರ ಚರಿತ್ರೆಯಲ್ಲಿ ಕಲೆಯಾಗಿ ಉಳಿಯಿತು. ಮಸ್ಕರೇನ್ಹಸ್ ಜೊತೆ ಹೋಗಿದ್ದ ಏಳು ಮಂದಿಯ ಬಗ್ಗೆ ತೀರ್ಪು ಕೊಡುವಾಗ ಮಾತ್ರ ಸ್ವಲ್ಪ ಸಂಕೋಚ ಬೇಕು. ಅವರಿಗೂ ಹೆಂಡತಿ ಮಕ್ಕಳಿದ್ದಿರಬೇಕು. ದೇಶ ಬಿಟ್ಟು ಹೋಗಲು ಲಂಡನ್ನಿನಲ್ಲಿ ಬಾಗಿಲು ತೆರೆದಿದ್ದದ್ದು ಒಬ್ಬರಿಗೆ.

ಸತ್ಯ ಹೇಳಲು ಅವರು ಸುಳ್ಳು ಹೇಳಿದರು. ಇದು ಚಿಕ್ಕ ಸಂಗತಿಯಂತೆ ಕಂಡರೂ ತತ್ತ್ವದ ಗಂಟು ಇರುವುದು ಇಲ್ಲೇ. ಅಗಸ್ಟೀನ್ ಸಂತನ ಪ್ರಕಾರ ಯಾವ ಒಳ್ಳೆಯ ಉದ್ದೇಶಕ್ಕೂ ಸುಳ್ಳು ಸಲ್ಲ. ಕೊಲೆಗಾರ ಬಾಗಿಲು ತಟ್ಟಿ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕಿಲ್ಲ ಎಂದು ಕಾಂಟ್ 1797ರಲ್ಲಿ ಬರೆದ. ಇಲ್ಲದ ಕಾಯಿಲೆ, ಇಲ್ಲದ ಶಸ್ತ್ರಚಿಕಿತ್ಸೆ, ಮರಳಿ ಬಂದು ಏನೂ ಆಗದಂತೆ ಕರಾಚಿಯಲ್ಲಿ ಕಳೆದ ದಿನಗಳು, ಇವೆಲ್ಲ ಆ ಅಳತೆಗೆ ನಿಲ್ಲುವುದಿಲ್ಲ. ಭಾರತದ ಚಿಂತನೆ ಈ ವಿಷಯದಲ್ಲಿ ಅಷ್ಟು ಬಿಗಿಯಾಗಿಲ್ಲ. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕಥೆ ಎಲ್ಲರಿಗೂ ಗೊತ್ತು. ಸತ್ಯವ್ರತಿಯಾದ ಆ ತಪಸ್ವಿ ಕಳ್ಳರು ಕೇಳಿದಾಗ ಜನ ಅಡಗಿದ್ದ ಜಾಗವನ್ನು ತೋರಿಸಿ ಅವರ ಸಾವಿಗೆ ಕಾರಣನಾದ. ಸತ್ಯ ನುಡಿದೂ ನರಕಕ್ಕೆ ಹೋದ. ಜೈನರಲ್ಲೂ ಸತ್ಯವ್ರತ ಅಹಿಂಸಾವ್ರತದ ಅಧೀನ, ಜೀವಕ್ಕೆ ಕುತ್ತು ತರುವ ನಿಜವನ್ನು ಆಡಬೇಕಿಲ್ಲ. ಈ ನೋಟದಲ್ಲಿ ಮಸ್ಕರೇನ್ಹಸ್ ಅವರ ನಡೆ ಕೌಶಿಕನ ನಡೆಗೆ ತದ್ವಿರುದ್ಧ. ಅವರು ಸುಳ್ಳು ಹೇಳಿದ್ದು ಕೊಲ್ಲಬಲ್ಲವರಿಗೆ, ನಿಜ ಹೇಳಿದ್ದು ಕೊಲೆ ನಿಲ್ಲಿಸಬಲ್ಲವರಿಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವ ಕಾಂಟನ ನಿಯಮ ಇಲ್ಲಿ ಸೋಲುತ್ತದೆ. ಅಲ್ಲದೆ, ಸುಳ್ಳಿಗೆ ತೆತ್ತ ಬೆಲೆ ಅವರದೇ: ಮನೆ, ಊರು, ಕೆಲಸ, ಪೌರತ್ವದ ನೆಮ್ಮದಿ. ಇವಾನ್ ನಂತರದ ವರ್ಷಗಳಲ್ಲಿ ಕರಾಚಿಯ ಬೆಚ್ಚನೆಯ ಬದುಕಿನಿಂದ ಲಂಡನ್ನಿನ ಬಿಗುಮುಖದ ಜನರ ನಡುವೆ ಬಂದು ಬಿದ್ದ ಕಷ್ಟವನ್ನು ನೆನೆದಿದ್ದಾರೆ. ಆದರೂ ಪಶ್ಚಾತ್ತಾಪ ಪಟ್ಟದ್ದಿಲ್ಲ.

ಅರ್ಧಸತ್ಯದ ಪ್ರಶ್ನೆ ಇದಕ್ಕಿಂತ ಕಠಿಣ. ಜೂನ್ ವರದಿಗೆ ಮುನ್ನ, ಮೇ ತಿಂಗಳಲ್ಲಿ, ಅದೇ ಸಂಡೇ ಟೈಮ್ಸ್‌ನಲ್ಲಿ ಮಸ್ಕರೇನ್ಹಸ್ ಅವರದೇ ಹೆಸರಿನಲ್ಲಿ ಇನ್ನೊಂದು ವರದಿ ಬಂದಿತ್ತು. ಮಾರ್ಚ್‌ನಲ್ಲಿ ಬಂಗಾಳಿ ಗುಂಪುಗಳು ಅಲ್ಲಿಗೆ ವಲಸೆ ಬಂದಿದ್ದ ಉರ್ದು ಭಾಷಿಕ ಬಿಹಾರಿ ಮುಸ್ಲಿಮರನ್ನು ಕೊಂದ ಕ್ರೌರ್ಯ ಅದರ ವಿಷಯ. ಸೆನ್ಸಾರಿಗೆ ಅದು ಬೇಕಾಗಿತ್ತು, ಹಾಗಾಗಿ ಹೊರಬಂತು. ಪಾಕಿಸ್ತಾನ ಸರಕಾರ ಆಗಸ್ಟ್‌ನಲ್ಲಿ ಹೊರಡಿಸಿದ ಶ್ವೇತಪತ್ರದಲ್ಲಿ ಆ ವರದಿಯನ್ನು ಸಾಕ್ಷ್ಯವಾಗಿ ಬಳಸಿಕೊಂಡಿತು. ತಾನೇ ದ್ರೋಹಿ ಎಂದವನ ಬರಹ ಅದಕ್ಕೆ ಪ್ರಮಾಣವಾಯಿತು. ಬಾಂಗ್ಲಾ ಪರವಾದ ಬಹಳ ಮಂದಿ ಇತ್ತ ಬಿಹಾರಿಗಳ ಸಾವಿನ ಮಾತನ್ನೇ ಬಿಟ್ಟು ಜೂನ್ ವರದಿಯನ್ನು ಮಾತ್ರ ಓದಿದರು. ಜೂನ್ ವರದಿಯಲ್ಲಿ ಬಿಹಾರಿಗಳ ಹತ್ಯೆಯ ಪ್ರಸ್ತಾಪ ಕೈಬಿಟ್ಟಿಲ್ಲ ಎಂಬುದು ಮುಖ್ಯ. ಮಾರ್ಚ್‌ನ ಕ್ರೌರ್ಯ ಕಂಡು ತಾವು ತತ್ತರಿಸಿದ್ದಾಗಿಯೂ, ಸೈನ್ಯ ಮಾಡುತ್ತಿರುವುದು ಅದಕ್ಕಿಂತ ದೊಡ್ಡದು, ಯೋಜಿತವಾದದ್ದು ಎಂದೂ ಅವರು ಎವಾನ್ಸ್‌ಗೆ ಹೇಳಿದ್ದರು. ಬಿಹಾರಿಗಳ ನೋವನ್ನು ಬರೆದಿದ್ದರಿಂದಲೇ ಸೈನ್ಯದ ವಿರುದ್ಧ ಅವರ ಸಾಕ್ಷ್ಯಕ್ಕೆ ತೂಕ ಬಂತು. ಶರ್ಮಿಳಾ ಬೋಸ್ 2011ರ ‘ಡೆಡ್ ರೆಕನಿಂಗ್’ ಪುಸ್ತಕದಲ್ಲಿ 1971ರ ಕಥನದ ಏಕಪಕ್ಷೀಯತೆಯನ್ನು ಪ್ರಶ್ನಿಸಿದಾಗ ಎದ್ದ ಗದ್ದಲದಲ್ಲಿ, ಎರಡೂ ಕಡೆಯ ಹೆಣಗಳ ಮಾತನ್ನು ನಲವತ್ತು ವರ್ಷ ಮೊದಲೇ ಒಬ್ಬ ವರದಿಗಾರ ಆಡಿದ್ದ ಎಂಬುದು ಬಹುಪಾಲು ಕೇಳಿಸಲಿಲ್ಲ.

ತಲೆಬರಹದ ಪದವೂ ವಿವಾದವಾಯಿತು. 1948ರ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ ನರಮೇಧವನ್ನು ಗುರುತಿಸುವುದು ಸತ್ತವರ ಸಂಖ್ಯೆಯಿಂದಲ್ಲ, ಉದ್ದೇಶದಿಂದ. ರಾಷ್ಟ್ರ, ಜನಾಂಗ, ಧರ್ಮದ ಆಧಾರದ ಗುಂಪೊಂದನ್ನು ಪೂರ್ಣವಾಗಿ ಅಥವಾ ಭಾಗಶಃ ಅಳಿಸುವ ಸಂಕಲ್ಪ ಸಾಬೀತಾಗಬೇಕು. ಸತ್ತವರು 30 ಲಕ್ಷ ಎಂದು ಬಾಂಗ್ಲಾದೇಶ ಹೇಳುತ್ತದೆ. ಪಾಕಿಸ್ತಾನದ ಹಮೂದುರ್ ರಹಮಾನ್ ಆಯೋಗ 26,000 ಎಂದಿತು. ಈ ಎರಡು ಅಂಕಿಗಳ ನಡುವೆ ವಿದ್ವಾಂಸರು ಇನ್ನೂ ಜಗ್ಗಾಡುತ್ತಿದ್ದಾರೆ. ಮಸ್ಕರೇನ್ಹಸ್ ವರದಿಯ ಬೆಲೆ ಅಂಕಿಯಲ್ಲಿಲ್ಲ. ಎಷ್ಟು ಮಂದಿ ಸತ್ತರೆಂದು ಆರು ದಿನ ಒಂದು ಜಿಲ್ಲೆಯಲ್ಲಿ ತಿರುಗಿದವನು ಹೇಳಲಾರ. ಯಾಕೆ ಕೊಲ್ಲುತ್ತಿದ್ದೇವೆ ಎಂದು ಕೊಲ್ಲುವವರೇ ಆಡಿದ್ದನ್ನು ಅವನು ಹೇಳಬಲ್ಲ. ಸಂಕಲ್ಪಕ್ಕೆ ಸಿಗುವ ಸಾಕ್ಷ್ಯ ಬಹುತೇಕ ಇಂಥದ್ದೇ, ಬಾಯಿಮಾತಿನಲ್ಲಿ ಜಾರಿಬಿದ್ದದ್ದು. ಆ ಒಂದು ವಿಷಯದಲ್ಲಿ ಬೇರೆ ಯಾವ ವರದಿಗಾರನಿಗೂ ಸಿಗದ ಜಾಗದಲ್ಲಿ ಅವರು ಕುಳಿತಿದ್ದರು. ಅಲ್ಲಿಗೆ ಅವರನ್ನು ತಂದು ಕೂರಿಸಿದ್ದು ಸೈನ್ಯದ ಆಹ್ವಾನ.

ಪರಿಣಾಮದ ಹೊಣೆಯೂ ಇದೆ. ಆ ಲೇಖನ ತಮ್ಮನ್ನು ಎಷ್ಟು ಕಲಕಿತೆಂದರೆ ಯುರೋಪಿನ ರಾಜಧಾನಿಗಳಲ್ಲೂ ಮಾಸ್ಕೋದಲ್ಲೂ ಭಾರತದ ಸಶಸ್ತ್ರ ಹಸ್ತಕ್ಷೇಪಕ್ಕೆ ನೆಲ ಹದಗೊಳಿಸಲು ಹೊರಟೆ ಎಂದು ಇಂದಿರಾ ಗಾಂಧಿ ಮುಂದೆ ಎವಾನ್ಸ್‌ಗೆ ಹೇಳಿದರು. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಿದ್ದರು. ಯುದ್ಧಕ್ಕೆ ಅದೇ ಸಾಕಷ್ಟು ಕಾರಣವಾಗಿತ್ತು, ಒಂದು ಲೇಖನ ಯುದ್ಧ ತಂದಿತೆನ್ನುವುದು ಉತ್ಪ್ರೇಕ್ಷೆ. ಆದರೂ ಡಿಸೆಂಬರ್ 3ರಿಂದ 16ರವರೆಗಿನ ಯುದ್ಧದಲ್ಲಿ ಸತ್ತ ಸೈನಿಕರ ಸಾಲೂ ಆ ಲೇಖನದ ಫಲಗಳಲ್ಲಿ ಸೇರುತ್ತದೆಯೇ? ಅವರಲ್ಲಿ ಕೆಲವರು ಮಸ್ಕರೇನ್ಹಸ್ ಹುಟ್ಟಿದ ಊರಿನಲ್ಲೇ ತರಬೇತಿ ಪಡೆದವರು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್ ಡಿಸೆಂಬರ್ ಎರಡನೆಯ ವಾರ ಜಮಾಲ್‌ಪುರದಲ್ಲಿ ಭೀಕರ ಕಾಳಗ ನಡೆಸಿತು. ಕಂಡದ್ದನ್ನು ಹೇಳಿದವನು, ಕೇಳಿದವರು ಮುಂದೆ ಮಾಡುವ ಎಲ್ಲಕ್ಕೂ ಕರ್ತೃವಾಗಲಾರ. ಸಂಜಯನ ಮಾತು ಕೇಳಿ ಧೃತರಾಷ್ಟ್ರ ಏನು ಮಾಡಿದ ಎಂಬುದು ಸಂಜಯನ ಖಾತೆಗೆ ಬರುವುದಿಲ್ಲ. ವರದಿ ಬರೆಯದೆ ಇದ್ದಿದ್ದರೆ ಆಗುತ್ತಿದ್ದ ಸಾವುಗಳಿಗೆ ಆ ಮೌನ ಹೊಣೆಯಾಗುತ್ತಿತ್ತು ಎಂಬುದಂತೂ ನಿಶ್ಚಿತ, ಯಾಕೆಂದರೆ ಮೌನವನ್ನು ಸೈನ್ಯವೇ ಕೇಳಿತ್ತು.

ಇಂಥ ಆರೋಪ ಹೊತ್ತ ಯುದ್ಧವರದಿಗಾರ ಇವರೊಬ್ಬರೇ ಅಲ್ಲ. 1945ರ ಸೆಪ್ಟೆಂಬರಿನಲ್ಲಿ ಹಿರೋಷಿಮಾಕ್ಕೆ ಹೋಗಿ ವಿಕಿರಣದ ಕಾಯಿಲೆಯನ್ನು ಜಗತ್ತಿಗೆ ತಿಳಿಸಿದ ಆಸ್ಟ್ರೇಲಿಯದ ವಿಲ್ಫ್ರೆಡ್ ಬರ್ಚೆಟ್, ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳನ್ನು ಕಮ್ಯುನಿಸ್ಟ್ ಪಕ್ಷದ ಕಡೆಯಿಂದ ವರದಿ ಮಾಡಿ ಸ್ವದೇಶದಲ್ಲಿ ದ್ರೋಹಿಯೆನಿಸಿದರು. 1972ರವರೆಗೆ ಅವರಿಗೆ ಪಾಸ್‌ಪೋರ್ಟ್ ಕೊಡಲಿಲ್ಲ. ಇಬ್ಬರ ನಡುವೆ ದೊಡ್ಡ ಅಂತರವಿದೆ. ಬರ್ಚೆಟ್ ಒಂದು ಪಕ್ಷ ಬಿಟ್ಟು ಇನ್ನೊಂದು ಪಕ್ಷದ ಆತಿಥ್ಯ ಸ್ವೀಕರಿಸಿದರು, ಆ ಆತಿಥೇಯರ ತಪ್ಪುಗಳ ಬಗ್ಗೆ ಅವರ ಲೇಖನಿ ಮೆತ್ತಗಾಯಿತು. ಮಸ್ಕರೇನ್ಹಸ್ ಬಾಂಗ್ಲಾದೇಶದ ಆಸ್ಥಾನ ವರದಿಗಾರರಾಗಲಿಲ್ಲ. ಪಾಕಿಸ್ತಾನದಲ್ಲಿ ಅವರಿಗೆ ಸಂಪರ್ಕಗಳೂ ಉಳಿದವು. ಆ ದೇಶದ ಅಣ್ವಸ್ತ್ರ ಪ್ರಯತ್ನದ ಬಗ್ಗೆ 1979ರಲ್ಲಿ ಬರೆದ ಮೊದಲಿಗರಲ್ಲಿ ಅವರೂ ಒಬ್ಬರು.

ಅವರ ಮೊದಲ ಪುಸ್ತಕ ‘ದಿ ರೇಪ್ ಆಫ್ ಬಾಂಗ್ಲಾದೇಶ್’ ಯುದ್ಧದ ಬಿಸಿಯಲ್ಲೇ ಬರೆದದ್ದು. ಭಾರತದಲ್ಲಿ ವಿಕಾಸ್ ಪ್ರಕಾಶನದಿಂದ ಬಂತು. ಸೈನಿಕ ಆಡಳಿತ, ಚುನಾವಣೆ, ಮಾತುಕತೆಯ ಮೋಸ, ಕೊನೆಗೆ ಹತ್ಯೆ ಎಂಬ ಕ್ರಮದಲ್ಲಿ ಸಾಗುವ ಅದು ಮೂಲತಃ ವರದಿಯ ವಿಸ್ತರಣೆ. ನಿಜವಾದ ಸಮಸ್ಯೆ ಇರುವುದು ಎರಡನೆಯದರಲ್ಲಿ. 1986ರ ‘ಬಾಂಗ್ಲಾದೇಶ್: ಎ ಲೆಗಸಿ ಆಫ್ ಬ್ಲಡ್’ ಸ್ವಾತಂತ್ರ್ಯಾನಂತರದ ಹತ್ತು ವರ್ಷಗಳ ರಕ್ತಚರಿತ್ರೆ: 1975ರ ಆಗಸ್ಟ್ 15ರಂದು ಅವಾಮಿ ಲೀಗಿನ ನಾಯಕ, ಅಧ್ಯಕ್ಷ ಶೇಖ್ ಮುಜಿಬುರ್ ರಹಮಾನ್ ಮತ್ತು ಕುಟುಂಬದ ಕೊಲೆ, ನವೆಂಬರ್ 3ರ ಜೈಲಿನ ಕೊಲೆಗಳು, ಸರಣಿ ದಂಗೆಗಳು, 1981ರ ಮೇ 30ರಂದು ಚಿತ್ತಗಾಂಗಿನಲ್ಲಿ ಸೇನಾನಾಯಕರಾಗಿದ್ದು ಅಧ್ಯಕ್ಷರಾದ ಜಿಯಾವುರ್ ರಹಮಾನ್ ಕೊಲೆ. ನೂರಕ್ಕೂ ಹೆಚ್ಚು ಸಂದರ್ಶನಗಳ ಮೇಲೆ ಕಟ್ಟಿದ ಪುಸ್ತಕ. ಅದರ ಹೃದಯಭಾಗ ಮುಜಿಬ್ ಹತ್ಯೆಯ ಸೂತ್ರಧಾರರಾದ ಸೇನಾಧಿಕಾರಿಗಳು ಫಾರೂಕ್ ರಹಮಾನ್ ಮತ್ತು ಅಬ್ದುರ್ ರಶೀದ್ ಅವರ ಹೇಳಿಕೆಗಳು. 1976ರಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಗಾಗಿ ಮಸ್ಕರೇನ್ಹಸ್ ಇವರಿಬ್ಬರನ್ನು ಕ್ಯಾಮೆರಾ ಮುಂದೆ ಕೂರಿಸಿದ್ದರು. ಇಬ್ಬರೂ ಕೊಲೆಯನ್ನು ಒಪ್ಪಿಕೊಂಡರು.

ಇಲ್ಲಿ ಸಾಕ್ಷಿಯ ಸ್ಥಾನ ತಿರುಗಿಬಿದ್ದಿದೆ. ಕೊಮಿಲ್ಲಾದಲ್ಲಿ ಅವರು ತಮ್ಮ ಕಣ್ಣಿನಿಂದ ಕಂಡದ್ದನ್ನು ಬರೆದರು. ಢಾಕಾದ ಕಥೆಯಲ್ಲಿ ಕೊಂದವರು ಕಂಡಂತೆ ಬರೆದರು. ಫಾರೂಕ್ ತನ್ನ ಕೃತ್ಯಕ್ಕೆ ಮುಂಚೆ ಚಿತ್ತಗಾಂಗಿನ ಅಂಧ ಹಾಫಿಜ್ ಎಂಬ ಕುರುಡ ಸಂತನ ಒಪ್ಪಿಗೆ ಕೇಳಿದ ಪ್ರಸಂಗ ಪುಸ್ತಕದಲ್ಲಿದೆ. ಸ್ವಾರ್ಥಕ್ಕಾಗಿ ಅಲ್ಲ, ಧರ್ಮಕ್ಕಾಗಿ ಎಂಬ ಭಾವ ಕೊಲೆಗಾರನಿಗೆ ಎಷ್ಟು ಅಗತ್ಯವಿತ್ತೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪುಟ ಕಡಿಮೆ. ಅಂಥ ಕಥನದಲ್ಲಿ ಕೇಳುಗನ ಎಚ್ಚರ ಇಮ್ಮಡಿಯಾಗಬೇಕು. ಮಸ್ಕರೇನ್ಹಸ್ ಅದನ್ನು ಎಲ್ಲ ಕಡೆ ತೋರುವುದಿಲ್ಲ. ಪುಸ್ತಕದಲ್ಲಿ ಮುಜಿಬ್ ಜನರ ಪ್ರೀತಿ ಕಳೆದುಕೊಂಡ, ಹೊಗಳುಭಟರ ನಡುವಿನ ಆಳರಸ. ಜಿಯಾ ನಿರ್ದಯವಾಗಿ ನೂರಾರು ಸೈನಿಕರನ್ನು ಗಲ್ಲಿಗೇರಿಸಿದವ. ಎರಡಕ್ಕೂ ಆಧಾರಗಳಿವೆ. ಆದರೆ ಮುಜಿಬ್ ಮೇಲಿನ ಟೀಕೆ ಮತ್ತು ಮುಜಿಬ್ ಕೊಲೆಗಾರರ ಸಮರ್ಥನೆ ಒಂದೇ ಬಾಯಿಂದ ಬಂದಾಗ ಅವೆರಡನ್ನೂ ಬೇರ್ಪಡಿಸಿಕೊಡುವುದು ಬರೆಯುವವನ ಕೆಲಸ. ತಮ್ಮ ಸಂಚಿನ ವಿಷಯ 1975ರ ಮಾರ್ಚ್‌ನಲ್ಲೇ ಜಿಯಾಗೆ ಗೊತ್ತಿತ್ತೆಂಬ ಫಾರೂಕ್ ಹೇಳಿಕೆ ಇವತ್ತಿಗೂ ಮುಜಿಬ್ ಮತ್ತು ಜಿಯಾ ಅವರ ಪಕ್ಷಗಳ ನಡುವೆ ಕತ್ತಿಯಾಗಿ ಬಳಕೆಯಲ್ಲಿದೆ. ಒಂದು ಪಕ್ಷ ಒಂದು ಅಧ್ಯಾಯವನ್ನು ಉದ್ಧರಿಸುತ್ತದೆ, ಇನ್ನೊಂದು ಪಕ್ಷ ಮತ್ತೊಂದನ್ನು.

ಕೊಲೆಗಾರನಿಗೆ ವೇದಿಕೆ ಕೊಡುವುದು ತಪ್ಪೇ ಎಂದು ಕೇಳಿದರೆ, ಈ ಪ್ರಕರಣದ ಮಟ್ಟಿಗೆ ತಪ್ಪಲ್ಲ. 1975ರಲ್ಲೇ ಹೊರಡಿಸಿದ ಸುಗ್ರೀವಾಜ್ಞೆಯೊಂದು ಹಂತಕರಿಗೆ ವಿಚಾರಣೆಯಿಂದ ರಕ್ಷಣೆ ಕೊಟ್ಟಿತ್ತು, ಅವರಲ್ಲಿ ಹಲವರು ರಾಯಭಾರ ಕಚೇರಿಗಳಲ್ಲಿ ಹುದ್ದೆ ಹಿಡಿದಿದ್ದರು. ನ್ಯಾಯಾಲಯದ ಬಾಗಿಲು ಮುಚ್ಚಿದ್ದ ಆ ಇಪ್ಪತ್ತೊಂದು ವರ್ಷ ತಪ್ಪೊಪ್ಪಿಗೆ ದಾಖಲಾಗಿ ಉಳಿದದ್ದು ಪತ್ರಿಕೆ, ಪುಸ್ತಕ, ದೂರದರ್ಶನಗಳಲ್ಲಿ. ರಕ್ಷಣೆಯ ಕಾನೂನು 1996ರ ನವೆಂಬರಿನಲ್ಲಿ ರದ್ದಾಯಿತು. 1998ರ ನವೆಂಬರ್ 8ರಂದು ಢಾಕಾ ನ್ಯಾಯಾಲಯ 15 ಮಂದಿಗೆ ಮರಣದಂಡನೆ ವಿಧಿಸಿತು. 2009ರ ನವೆಂಬರ್ 19ರಂದು ಸುಪ್ರೀಂ ಕೋರ್ಟ್ ಅಪೀಲುಗಳನ್ನು ತಳ್ಳಿಹಾಕಿತು. ಫಾರೂಕ್ ಸೇರಿ ಐವರನ್ನು 2010ರ ಜನವರಿ 28ರಂದು ಗಲ್ಲಿಗೇರಿಸಲಾಯಿತು. ರಶೀದ್ ತಲೆಮರೆಸಿಕೊಂಡವರ ಪಟ್ಟಿಯಲ್ಲಿ ಉಳಿದ.

ಮಸ್ಕರೇನ್ಹಸ್ ಇದಾವುದನ್ನೂ ನೋಡಲಿಲ್ಲ. ಎರಡನೆಯ ಪುಸ್ತಕ ಬಂದ ವರ್ಷವೇ, 1986ರ ಡಿಸೆಂಬರಿನಲ್ಲಿ, 58ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜೂನ್ 13ರ ಪತ್ರಿಕೆಯ ಪುಟ ಢಾಕಾದ ವಿಮೋಚನಾ ಯುದ್ಧ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿದೆ. ಅವರ ಬರಹಗಳಲ್ಲಿ ಒಂದನ್ನೇ ಓದುವವರು ಆ ವರದಿಯನ್ನು ಓದಲಿ. ‘ಲೆಗಸಿ ಆಫ್ ಬ್ಲಡ್’ ಕೈಗೆತ್ತಿಕೊಳ್ಳುವವರು ಮಾತ್ರ ಅದನ್ನು ಢಾಕಾ ನ್ಯಾಯಾಲಯಗಳ ತೀರ್ಪುಗಳ ಜೊತೆಯಲ್ಲಿಟ್ಟುಕೊಂಡೇ ಓದಬೇಕು.